ತುಕ್ಕಿನ ಉಪಕಾರ

ಕುದುರೆಮುಖದ ನೆರೆಯಲ್ಲಿರುವ ಕಳಸದವರಿಗೆ ಕಬ್ಬಿಣದ ಪರಿಚಯ ಹೇಳಬೇಕಿಲ್ಲ. ಅದರ ಇನ್ನೊಂದು ಗುಣ ನನಗೆ ಇಷ್ಟ: ಗೋಬರ್ ಗ್ಯಾಸಿನ ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ, ಬರ್ನರನ್ನೂ ತಿನ್ನುವ ಹೈಡ್ರೋಜನ್ ಸಲ್ಫೈಡನ್ನು ಅದು ಹಿಡಿದುಹಾಕುತ್ತದೆ. ಫೆರಿಕ್ ಕಬ್ಬಿಣ ಕರಗಿದ ಆಮ್ಲೀಯ ನೀರಿನಲ್ಲಿ ಗ್ಯಾಸ್ ಹಾಯಿಸಿದರೆ ಗಂಧಕ ಹಳದಿ ಪುಡಿಯಾಗಿ ಬೇರೆಯಾಗುತ್ತದೆ. ಕಂದು ನೀರು ತಿಳಿಹಸಿರಾಗುತ್ತದೆ, ಕಬ್ಬಿಣ ಫೆರಸ್ ಆಯಿತೆಂದು ಅರ್ಥ. ಅದನ್ನು ಮತ್ತೆ ಫೆರಿಕ್ ಮಾಡುವುದೇ ಕಷ್ಟ. ಪಿಹೆಚ್ 2ರ ಹುಳಿಯಲ್ಲಿ ಬರೀ ಗಾಳಿಯನ್ನು ನಂಬಿದರೆ ವರ್ಷಗಳೇ ಹಿಡಿದಾವು. 1947ರಲ್ಲಿ ಗಣಿಯ ಹುಳಿನೀರಿನಲ್ಲಿ ಪತ್ತೆಯಾದ, ಈಗ ಅಸಿಡಿಥಿಯೋಬ್ಯಾಸಿಲಸ್ ಎಂಬ ಬಾಯಿಗೆ ಬಾರದ ಹೆಸರಿನ ಬ್ಯಾಕ್ಟೀರಿಯ ಆ ಕೆಲಸವನ್ನು ಲಕ್ಷಾಂತರ ಪಟ್ಟು ಚುರುಕುಗೊಳಿಸುತ್ತದೆ. ಎಂಥ ದುಡಿಮೆ!

ತೋಟದ ಮನೆಗೆ ಅಷ್ಟೆಲ್ಲ ಬೇಡ. ಪೈಪಿನ ನಡುವೆ ತುಕ್ಕುಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿ ಸಾಕು. ಕಪ್ಪಾದ ಚೂರನ್ನು ನೀರು ಚಿಮುಕಿಸಿ ಬಯಲಲ್ಲಿ ಹರಡಿದರೆ ಮತ್ತೆ ಕೆಂಪಾಗುತ್ತದೆ. ಆಗ ಬಿಸಿಯೇರಿ ಹೊತ್ತಿಕೊಳ್ಳಲೂಬಹುದು, ಒಣಗಿದ ಸೊಪ್ಪುಸದೆಯಿಂದ ದೂರವಿಡಿ.