ಆಚೆ ಬದಿಗೆ ಹೋಗಲು ಆಟೋ

ನವರಂಗಪುರದ ಸಿ.ಜಿ. ರೋಡಿನ ಮೇಲೆ ನನ್ನ ತಕರಾರು ಹೇಳುವ ಮುಂಚೆ ಅದರ ಒಳ್ಳೆಯತನವನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಹದಿನೈದು ವರ್ಷ ನಡೆದಾಡಿದ ಬೆಂಗಳೂರಿನ ಬೀದಿಯಲ್ಲಿ ಚಪ್ಪಡಿಯ ಮೇಲೆ ಕಾಲಿಟ್ಟರೆ ಓಲಾಡುತ್ತಿತ್ತು, ಕೆಳಗೆ ಚರಂಡಿ ಕಾಣುತ್ತಿತ್ತು. ಇಲ್ಲಿ ಹಾಗಿಲ್ಲ. ಚಿಮನ್‌ಲಾಲ್ ಗಿರ್ಧರ್‌ಲಾಲ್ ಹೆಸರಿನ ಈ ರಸ್ತೆಯನ್ನು 1990ರ ದಶಕದಲ್ಲಿ ವಾಸ್ತುಶಿಲ್ಪಿ ಬಿಮಲ್ ಪಟೇಲ್ ಅವರ ವಿನ್ಯಾಸದಂತೆ ಹೊಸದಾಗಿ ಕಟ್ಟಿದರು. ಗಾಡಿ ನಿಲ್ಲಿಸಲು ಬೇರೆ ಜಾಗ, ನಡೆಯಲು ಬೇರೆ ಜಾಗ ಎಂಬ ಯೋಚನೆ ಆಗ ನಮ್ಮ ಊರುಗಳಿಗೆ ಹೊಸದು. ಬೆಂಗಳೂರಿಗೆ ಟೆಂಡರ್‌ಶ್ಯೂರ್ ರಸ್ತೆಗಳು ಬಂದದ್ದು ಎಷ್ಟೋ ವರ್ಷದ ಮೇಲೆ. ಈಚೆಗೆ ಸಿ.ಜಿ. ರೋಡನ್ನು ಇನ್ನೊಮ್ಮೆ ಅಗೆದು ಫುಟ್‌ಪಾತನ್ನು ಮತ್ತಷ್ಟು ಅಗಲ ಮಾಡಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಕೇಳುವುದು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ. ಇಲ್ಲಿ ಬಹಳ ಕಡೆ ಅದಕ್ಕಿಂತ ಧಾರಾಳವಾಗಿದೆ.

ಕಳೆದ ಮೇ ತಿಂಗಳಲ್ಲಿ ಅಮ್ಮ ದಾವಣಗೆರೆಯಿಂದ ಬಂದಿದ್ದಳು. ಮೊಣಕಾಲು ನೋವು, ಕೈಯಲ್ಲಿ ಊರುಗೋಲು. ಬೆಳಿಗ್ಗೆ ಏಳಕ್ಕೆ ಒಂದು ಸುತ್ತು ಕರೆದುಕೊಂಡು ಹೋದೆ. ಸರಾಗವಾಗಿ ನಡೆದಳು. ಒಂದು ಬೇಕರಿಯ ಮುಂದೆ ನಿಂತು, ಎದುರು ಬದಿಯ ಸೀರೆ ಅಂಗಡಿ ತೋರಿಸಿ, "ಅಲ್ಲಿಗೆ ಹೋಗೋಣ" ಅಂದಳು. ನಾನು ಎರಡೂ ಕಡೆ ನೋಡಿದೆ. ಹತ್ತಿರದ ಸಿಗ್ನಲ್ ದೂರದಲ್ಲಿತ್ತು. ಅಲ್ಲಿಗೆ ಹೋದರೂ ಎಡಕ್ಕೆ ತಿರುಗುವ ಗಾಡಿಗಳಿಗೆ ಕೆಂಪು ದೀಪವೇ ಇಲ್ಲ. ಹತ್ತು ನಿಮಿಷ ಕಾದೆವು. ಕೊನೆಗೆ ಅಮ್ಮ, "ಈ ಕಡೆಯಿಂದ ಆ ಕಡೆ ಹೋಗೋಕೆ ಆಟೋ ಹತ್ತಬೇಕೇನೋ?" ಅಂದಳು. ತಮಾಷೆಗೆ ಅಂದದ್ದು. ಆದರೆ ನಾವು ನಿಜವಾಗಿಯೂ ಆಟೋ ಹತ್ತಿದೆವು. ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಎದುರಿಗೆ ಇಳಿಸಿದ.

ರಸ್ತೆಯ ಉದ್ದಕ್ಕೂ ನಡೆಯುವವನನ್ನು ಯೋಜಕರು ನೆನೆದಿದ್ದಾರೆ, ಅಡ್ಡಲಾಗಿ ನಡೆಯುವವನನ್ನು ಮರೆತಿದ್ದಾರೆ. ಲೆಕ್ಕವೂ ಇದೆ. ಸಿಗ್ನಲ್ ಸಮಯ ನಿಗದಿ ಮಾಡುವಾಗ ಪಾದಚಾರಿಯ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 24 ಮೀಟರ್ ಅಗಲದ ರಸ್ತೆ ಎಂದಿಟ್ಟುಕೊಳ್ಳಿ, 20 ಸೆಕೆಂಡು. ಅಮ್ಮನ ವೇಗವನ್ನು ನಾನೇ ಫೋನಿನಲ್ಲಿ ಅಳೆದೆ (ಬೈದಳು): ಸುಮಾರು 0.6. ಅಂದರೆ 40 ಸೆಕೆಂಡು. ಹಸಿರು ಆರುವ ಹೊತ್ತಿಗೆ ಅವಳು ಸರಿಯಾಗಿ ಡಿವೈಡರ್ ಹತ್ತಿರ, ಅಲ್ಲಿ ನಿಲ್ಲಲು ಒಂದು ಮೊಳ ಜಾಗ. ಗಾಲಿಕುರ್ಚಿಯಲ್ಲಿ ಬಂದವರಿಗೆ ಅದೂ ಇಲ್ಲ. ಬೈಕು ನುಗ್ಗದಂತೆ ಫುಟ್‌ಪಾತಿನ ಬಾಯಿಗೆ ನೆಟ್ಟ ಗೂಟಗಳ ನಡುವೆ 90 ಸೆಂಟಿಮೀಟರ್ ತೆರಪಾದರೂ ಬಿಟ್ಟಿದ್ದಾರೆಯೇ ಎಂಬುದನ್ನು ಒಂದೊಂದು ಕಡೆ ಟೇಪ್ ಹಿಡಿದೇ ನೋಡಬೇಕು.

ಇಷ್ಟು ಹಗಲಿನ ಮಾತು. ಅಹಮದಾಬಾದಿನ ಬೇಸಿಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: 2010ರ ಮೇ 21ರಂದು ಇಲ್ಲಿ 46.8 ಡಿಗ್ರಿ ಇತ್ತು, ಆ ಬಿಸಿಲಲೆಗೆ ನೂರಾರು ಜನ ಸತ್ತರು, 2013ರಲ್ಲಿ ನಗರ ತನ್ನದೇ ಶಾಖ ಕ್ರಿಯಾಯೋಜನೆ ಮಾಡಿಕೊಂಡಿತು. ಹೀಗಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಈ ಊರು ಕಾಲ್ನಡಿಗೆಗೆ ಇಳಿಯುವುದು ರಾತ್ರಿ ಒಂಬತ್ತರ ಮೇಲೆ. ಅಜ್ಜಿ, ಸೊಸೆ, ತೊಡೆಯ ಮೇಲಿನ ಕೂಸು, ಎಲ್ಲರೂ ಐಸ್‌ಕ್ರೀಮಿಗೆ. ಲಾ ಗಾರ್ಡನ್ ಕಡೆ ಕಸೂತಿಯ ಚನಿಯಾ ಚೋಲಿ ನೋಡುವವರು, ತಿಂಡಿ ಬೀದಿಗೆ ಹೊರಟವರು. ಆ ತಿಂಡಿ ಗಾಡಿಗಳನ್ನು 2018ರಲ್ಲಿ ಎತ್ತಿಸಿ, 2020ರಲ್ಲಿ ಹ್ಯಾಪಿ ಸ್ಟ್ರೀಟ್ ಎಂದು ಹೊಸ ರೂಪ ಕೊಟ್ಟರು. ಹೆಸರು ನೋಡಿ ನಗು ಬಂತು. ನಮ್ಮ ಕೆಲಸದಲ್ಲಿ 'ಹ್ಯಾಪಿ ಪಾತ್' ಅಂತ ಒಂದಿದೆ: ಬಳಸುವವನು ಎಲ್ಲವನ್ನೂ ಸರಿಯಾಗಿ ಒತ್ತಿದರೆ ಮಾತ್ರ ಸರಿಯಾಗಿ ನಡೆಯುವ ದಾರಿ. ಅದನ್ನಷ್ಟೇ ಪರೀಕ್ಷೆ ಮಾಡಿ ಕೈತೊಳೆದುಕೊಂಡವರ ಫಜೀತಿ ನನಗೆ ಗೊತ್ತು, ರಾತ್ರಿ ಎರಡಕ್ಕೆ ನನ್ನ ಫೋನೇ ಬಡಿದುಕೊಳ್ಳುವುದು.

ರಾತ್ರಿ ಏನಾಗುತ್ತದೆ? ಅಂಗಡಿಯ ಷಟರ್ ಇಳಿದ ಕೂಡಲೇ ಫುಟ್‌ಪಾತಿನ ಅರ್ಧ ಬೆಳಕು ಹೋಯಿತು. ಬೀದಿದೀಪ ರಸ್ತೆಯ ಮೇಲೆ ಚೆಲ್ಲುತ್ತದೆ, ಬೇವಿನ ಮರದ ಕೆಳಗೆ ನಡೆಯುವವನಿಗೆ ಸಿಗುವುದು ನೆರಳು. ತಿಂಡಿಯ ಅಂಗಡಿಗಳ ಮುಂದೆ ಬೈಕುಗಳು ಮೇಲೇರಿ ನಿಂತಿರುತ್ತವೆ. ಕುರುಡರ ಕೋಲಿಗೆಂದು ಹಾಕಿದ ಹಳದಿ ಟೈಲ್ಸು ನೇರ ಒಂದು ಆಕ್ಟಿವಾದ ಚಕ್ರಕ್ಕೆ ಹೋಗಿ ಮುಟ್ಟಿದ್ದನ್ನು ಕಂಡೆ. ಇನ್ನೂ ಹೊತ್ತಾದರೆ ಸಿಗ್ನಲ್ ಹಳದಿ ಮಿಣುಕಿಗೆ ಬೀಳುತ್ತದೆ. ಗಾಡಿ ಕಮ್ಮಿ, ಸುಮ್ಮನೆ ಯಾಕೆ ನಿಲ್ಲಿಸಬೇಕು ಎಂಬ ಲೆಕ್ಕ. ಆದರೆ ಗಾಡಿ ಕಮ್ಮಿಯಾದಾಗಲೇ ವೇಗ ಜಾಸ್ತಿ, ಜನವೂ ಆಗಲೇ ಹೊರಗೆ.

ತಳ್ಳುಗಾಡಿಯವರ ಮೇಲೆ ತಪ್ಪು ಹೊರಿಸುವುದು ಸುಲಭ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹತ್ತೂವರೆಗೆ ನಾವು ಹಿಂತಿರುಗುವಾಗ ಅಮ್ಮ ಧೈರ್ಯವಾಗಿ ನಡೆದದ್ದು ಒಬ್ಬ ಕುಲ್ಫಿಯವನ ಬಲ್ಬಿನ ಬೆಳಕಿನಲ್ಲಿ. ಅವನು ಓರೆಯಾಗಿ ನಿಂತಿದ್ದ, ದಾರಿ ಬಿಟ್ಟಿದ್ದ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವೆಂದು ಹೇಳಿತು. ಸಂತೋಷ. ಆದರೆ ಫುಟ್‌ಪಾತು ಮುಗಿದು ಡಾಂಬರು ಶುರುವಾಗುವ ಜಾಗದಲ್ಲಿ ಹಕ್ಕೂ ಮುಗಿಯಬಾರದಲ್ಲ. ಈ ರಸ್ತೆಗೆ ಮೂರನೇ ಸಲ ಟೈಲ್ಸ್ ಹಾಕುವುದು ಬೇಡ. ಫುಟ್‌ಪಾತಿನ ಎತ್ತರಕ್ಕೇ ಏರಿಸಿದ ನಾಲ್ಕೈದು ಅಡ್ಡದಾರಿ, ಗಾಡಿ ತಾನೇ ನಿಧಾನಿಸುವಂತೆ. ಬೇಸಿಗೆಯಲ್ಲಾದರೂ ಮಧ್ಯರಾತ್ರಿಯವರೆಗೆ ಕೆಂಪು-ಹಸಿರು, ಅಮ್ಮನ ವೇಗದ ಲೆಕ್ಕದಲ್ಲಿ.

ಆ ಸೀರೆ ಅಂಗಡಿಯಲ್ಲಿ ಏನೂ ಹಿಡಿಸಲಿಲ್ಲ. ವಾಪಸು ಬರಲು ಇನ್ನೊಂದು ಆಟೋ.