ದೂರ ಯಾರ ಸ್ವತ್ತು?

ಓದಲಿಕ್ಕೆ ಅಂತ ಸೀಮೆಗೆ ಹೋದವರ ಬರವಣಿಗೆಗೆ ಕನ್ನಡದಲ್ಲಿ ಗೌರವದ ಜಾಗ ಇದೆ. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋದರು, 'ಸಮುದ್ರದಾಚೆಯಿಂದ' ಬರೆದರು. ಶಾಂತಿನಾಥ ದೇಸಾಯಿಯವರ 'ವಿಕ್ಷೇಪ'ದ ಹುಡುಗ ಉತ್ತರ ಕರ್ನಾಟಕದ ಹಳ್ಳಿಯಿಂದ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ ಓಡುತ್ತಾನೆ. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುತ್ತಲೇ 'ಸಂಸ್ಕಾರ' ಬರೆದರು, ಅದು 1965ರಲ್ಲಿ ಅಚ್ಚಾಯಿತು. ನಮ್ಮ ವಿಮರ್ಶಕ ಮಹಾಶಯರು ಇದನ್ನೆಲ್ಲ ಪೂರ್ವ-ಪಶ್ಚಿಮ, ಸಂಪ್ರದಾಯ-ಆಧುನಿಕತೆ ಅನ್ನುವ ತಕ್ಕಡಿಯಲ್ಲಿಟ್ಟು ತೂಗುತ್ತಾ ಬಂದರು. ಆ ಹಡಗಿನ ಟಿಕೇಟು ಯಾರ ಕೈಲಿತ್ತು ಅಂತ ಕೇಳಿದವರು ಕಮ್ಮಿ.

'ಸಂಸ್ಕಾರ'ವನ್ನು ಸಣ್ಣದು ಮಾಡೋದು ನನ್ನ ಉದ್ದೇಶವಲ್ಲ. ಅಗ್ರಹಾರದ ಹೊಟ್ಟೆಯೊಳಗಿನ ಕೊಳೆತವನ್ನು ನಿರ್ದಾಕ್ಷಿಣ್ಯವಾಗಿ ತೋರಿಸಿದ ಕಾದಂಬರಿ ಅದು. ಲೇಖಕರ ಥೀಸಿಸ್ಸು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕಾರಣದ ಮೇಲೆ. ಕಣ್ಣು ಮಾತ್ರ ಮಲೆನಾಡಿನ ಮೇಲೆ. ಹಾಗೆ ನೋಡುವ ಧೈರ್ಯಕ್ಕೆ ದೂರ ನೆರವಾಗಿದೆ ಅನ್ನೋದು ನನ್ನ ನಂಬಿಕೆ. ಆದರೆ ಆ ದೂರದಿಂದ ಏನು ಕಂಡಿತು, ಏನು ಮಸುಕಾಯಿತು? ನಾರಣಪ್ಪನ ಒಂದು ಹೆಣ ಇಡೀ ಅಗ್ರಹಾರವನ್ನು ಅಲುಗಾಡಿಸುತ್ತದೆ. ಅದೇ ಕಾದಂಬರಿಯಲ್ಲಿ ಬೆಳ್ಳಿಯ ಅಪ್ಪ-ಅವ್ವ ಜ್ವರ ಬಂದು ಸಾಯುತ್ತಾರೆ. ಗುಡಿಸಲಿಗೆ ಬೆಂಕಿ ಇಟ್ಟರೆ ಅಲ್ಲಿಗೆ ಮುಗಿಯಿತು. ಆ ಹೆಣಗಳಿಗೆ ಶಾಸ್ತ್ರದ ಜಿಜ್ಞಾಸೆಯಿಲ್ಲ, ಹೆಚ್ಚು ಪುಟಗಳೂ ಇಲ್ಲ. ಬೆಳ್ಳಿಗೆ ಮೈ ಕೊಟ್ಟಷ್ಟು ಧಾರಾಳವಾಗಿ ಮನಸ್ಸು ಕೊಟ್ಟಿಲ್ಲ. ತಾನು ಬಿಟ್ಟುಬಂದದ್ದನ್ನೇ ತಾನೇ ಯಾರೂ ತಿರುಗಿ ನೋಡೋದು? ಅವರು ಅಗ್ರಹಾರ ಬಿಟ್ಟು ಹೋದರು, ಅಗ್ರಹಾರವನ್ನು ನೋಡಿದರು. ಕೇರಿಯನ್ನು ಹಾಗೆ ನೋಡಬೇಕಾದರೆ ಕೇರಿಯವನೇ ಅಷ್ಟು ದೂರ ಹೋಗಬೇಕು.

ಹೋದವರೊಬ್ಬರಿದ್ದರು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1915ರಲ್ಲಿ ಎಂ.ಎ. ಮುಗಿಯಿತು. 1916ರ ಮೇ 9ರಂದು ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದಾಗ ಅವರಿಗೆ ಇಪ್ಪತ್ತೈದು. ಜಾತಿಯ ಕೀಲು ಇರೋದು ತಮ್ಮತಮ್ಮೊಳಗೇ ಮದುವೆಯಾಗುವ ಕಟ್ಟಿನಲ್ಲಿ, ಆ ಕಟ್ಟು ಕಾಪಾಡಲಿಕ್ಕೇ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಹುಟ್ಟಿಕೊಂಡವು ಅಂತ ಅಲ್ಲಿ ಬಿಡಿಸಿಟ್ಟರು. ಮೈಮೇಲಿನ ಗಾಯವನ್ನೇ ಶಾಸ್ತ್ರದ ಮೇಜಿನ ಮೇಲಿಟ್ಟು ಅಳೆದ ಓದು ಅದು.

ಆಮೇಲೆ ವಾಪಸು ಬಂದದ್ದು. 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅದರ ಕತೆ ಇದೆ. ವಿದೇಶದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋ ನೆನಪೇ ಅಳಿಸಿಹೋಗಿತ್ತು ಅನ್ನುತ್ತಾರೆ. 1917ರಲ್ಲಿ ಬರೋಡಾ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಎದ್ದ ಪ್ರಶ್ನೆ, ಎಲ್ಲಿ ಇಳಿದುಕೊಳ್ಳೋದು? ಹೆಸರು ಮರೆಸಿ ಒಂದು ಪಾರ್ಸಿ ಛತ್ರ ಸೇರಿದರು. ಗೊತ್ತಾದ ಮೇಲೆ ಕೋಲು ಹಿಡಿದ ಗುಂಪು ಬಂದು ಹೊರಗಟ್ಟಿತು. ಅಮೆರಿಕಾದ ಡಿಗ್ರಿ ಇದ್ದ ಮನುಷ್ಯ ಪಾರ್ಕಿನಲ್ಲಿ ಕೂತು ಕಣ್ಣೀರು ಹಾಕಿದ. ಆ ತಲೆಬರಹ ನೋಡಿ: ಕಾಯುತ್ತಿದ್ದ ವೀಸಾ ಪರದೇಶದ್ದಲ್ಲ, ಸ್ವದೇಶದ್ದು. ನಮ್ಮ ನವ್ಯರ ನಾಯಕನಿಗೆ ಹೋಗೋದೇ ಸಂಕಟ, ತಾಯಿಬೇರು ಕಿತ್ತಂತೆ. ನಮ್ಮವರಿಗೆ ಬರೋದೇ ಸಂಕಟ. ಇವೆರಡನ್ನೂ 'ಪರಕೀಯತೆ' ಅನ್ನುವ ಒಂದೇ ಮಾತಿನಲ್ಲಿ ಕಟ್ಟುವ ವಿಮರ್ಶೆ ಅರ್ಧ ಕುರುಡು.

ಪರದೇಶ ಅನ್ನೋದು ನಮ್ಮ ಜನಕ್ಕೆ ಹೊಸದೂ ಅಲ್ಲ. ನಾನು ಟ್ಯೂಷನ್ ಹೇಳಲು ಹೋಗುವ ರಿಚರ್ಡ್ಸ್ ಟೌನ್ ಬೆಂಗಳೂರಿನ ದಂಡಿನ ಭಾಗ. 1947ರ ಜುಲೈವರೆಗೆ ದಂಡು ಬ್ರಿಟಿಷರ ಆಡಳಿತದಲ್ಲಿತ್ತು; ಮೈಸೂರಿನವರ ಪೇಟೆ ದಾಟಿ ಇತ್ತ ಬಂದರೆ ಬೇರೆ ಸರ್ಕಾರ. ತಮಿಳು, ತೆಲುಗು, ಕನ್ನಡ ಆಡುವ ನಮ್ಮ ಜನ ಪಾಸ್‌ಪೋರ್ಟಿಲ್ಲದೆ ಆ ಗಡಿ ದಾಟಿದರು. ಬಟ್ಲರು, ಆಯಾ, ಕುದುರೆಲಾಯದವರು, ತೋಟದವರು ಆದರು. ಹಳ್ಳಿಯ ಜೀತದಲ್ಲಿ ಕಾಣದ ಸಂಬಳದ ದುಡ್ಡು ಕಂಡರು, ಮಿಶನ್ ಶಾಲೆಯ ಬಾಗಿಲು ಕಂಡರು. ಇದ್ದದ್ದು ಮಾತ್ರ ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ. ಅವರು ಕಿವಿಯಿಂದ ಕಲಿತ ಭಾಷೆಗೆ 'ಬಟ್ಲರ್ ಇಂಗ್ಲಿಷ್' ಅಂತ ಹೆಸರಿಟ್ಟು ನಕ್ಕರು. ಆಕ್ಸ್‌ಫರ್ಡಿನ ಇಂಗ್ಲಿಷಿಗೆ ಸನ್ಮಾನ, ಅಡಿಗೆಮನೆಯ ಇಂಗ್ಲಿಷಿಗೆ ಗೇಲಿ! ಆ ಅಡಿಗೆಮನೆಯಿಂದ ಬಂಗಲೆ ಹೇಗೆ ಕಂಡಿತು, ಬಿಟ್ಟುಬಂದ ಹಳ್ಳಿ ಹೇಗೆ ಕಂಡಿತು ಅನ್ನೋ ಪುಸ್ತಕಕ್ಕಾಗಿ ನಾನು ಇನ್ನೂ ಹುಡುಕುತ್ತಿದ್ದೇನೆ.

ಇವತ್ತು ಇದೇ ಬೀದಿಗಳ ಮಕ್ಕಳು ಲಂಡನ್ನು, ಬರ್ಲಿನ್ನು, ಟೊರಾಂಟೊಗೆ ಎಂ.ಎಸ್. ಮಾಡಲು ಹೋಗುತ್ತಾರೆ. ಹೋಗಲಿ, ಹೊಟ್ಟೆಕಿಚ್ಚಿಲ್ಲ. ಆದರೆ ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ತುಂಡು ಭೂಮಿಯೂ ಇಲ್ಲದ ಮನೆಯ ಹುಡುಗಿ ಏನನ್ನು ಅಡ ಇಡಬೇಕು? ಅವಳಿಗಿರುವ ದೊಡ್ಡ ದಾರಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಅದರಲ್ಲಿ 115 ಪರಿಶಿಷ್ಟ ಜಾತಿಗೆ. 2025ರ ಜುಲೈನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗಷ್ಟೇ ಪತ್ರ ಕೊಟ್ಟು, ಮಿಕ್ಕವರಿಗೆ ಹಣ ಒದಗಿದರೆ ನೋಡೋಣ ಅಂದರು.

ಹಣದ ಮಾತಿಗಿಂತ ಕೆಟ್ಟದ್ದು ಇನ್ನೊಂದಿದೆ. 2022ರ ಫೆಬ್ರವರಿಯಲ್ಲಿ ಹೊರಬಂದ ನಿಯಮಾವಳಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಸಂಶೋಧನೆಗೆ ಈ ವೇತನ ಇಲ್ಲ ಅಂದಿತು. ಇಂಥ ಓದಿಗೆ ಬೇಕಾದ್ದೆಲ್ಲ ಇಲ್ಲೇ ಇರುವಾಗ ಹೊರಗೇಕೆ ಹೋಗಬೇಕು ಅನ್ನೋದು ಅದಕ್ಕೆ ಕೊಟ್ಟ ಸಮರ್ಥನೆ. ಗೆಳೆಯರೇ, ಇದು ಬರೀ ಆಡಳಿತದ ವಿಷಯ ಅಂದುಕೊಳ್ಳಬೇಡಿ, ಸಾಹಿತ್ಯದ ವಿಷಯವೂ ಹೌದು. ಬರೋಡಾದ ಮಹಾರಾಜರು ಇಂಥ ಕರಾರು ಹಾಕಿದ್ದರೆ 1916ರ ಆ ಪ್ರಬಂಧಕ್ಕೆ ಜಾಗವೆಲ್ಲಿ? ಬರ್ಮಿಂಗ್‌ಹ್ಯಾಮಿನಿಂದ ಅಗ್ರಹಾರ ನೋಡಿದವರಿಗೆ ನಾವು ಪ್ರಶಸ್ತಿ ಕೊಟ್ಟೆವು, ಕೊಡಬೇಕಾದ್ದೇ. ಹೊಲಗೇರಿಯ ಹುಡುಗಿ ಅಲ್ಲಿಂದ ತನ್ನ ಕೇರಿಯನ್ನು ಓದುತ್ತೇನೆ ಅಂದರೆ, ಕಂಪ್ಯೂಟರ್ ಓದು, ಇಂಜಿನಿಯರಿಂಗ್ ಓದು, ಜಾತಿಯ ಸುದ್ದಿ ಬೇಡ ಅನ್ನುತ್ತಾರೆ. ಪುರೋಹಿತಶಾಹಿಗೆ ನಮ್ಮ ಹೊರಟುಹೋಗುವಿಕೆಯಿಂದ ಭಯವಿಲ್ಲ. ನಾವು ಅಲ್ಲಿ ನಿಂತು ತಿರುಗಿ ನೋಡಿದರೆ ಭಯ.

ಅಲ್ಲಿಗೆ ಹೋದರೆ ಜಾತಿ ತಪ್ಪುತ್ತದೆ ಅನ್ನುವ ಭ್ರಮೆಯೂ ಬೇಡ. 2023ರ ಫೆಬ್ರವರಿಯಲ್ಲಿ ಅಮೆರಿಕಾದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು ಅಂದರೆ, ಉಪ್ಪಿನಕಾಯಿ ಭರಣಿಯ ಜೊತೆ ಜಾತಿಯೂ ವಿಮಾನ ಹತ್ತಿದೆ ಅಂತಲೇ ಅರ್ಥ. ಬಾಬಾಸಾಹೇಬರಿಗೆ ನ್ಯೂಯಾರ್ಕಿನಲ್ಲಿ ಮರೆಯಲು ಸಾಧ್ಯವಾದದ್ದು ಇಂದಿನ ಹುಡುಗನಿಗೆ ರೂಮ್‌ಮೇಟ್ ಅಡ್ಡಹೆಸರು ಕೇಳಿದ ಕೂಡಲೇ ನೆನಪಾಗಬಹುದು. ಈ ಅನುಭವ ಕನ್ನಡಕ್ಕೆ ಬರಬೇಕಿದೆ. ಸಿದ್ಧಲಿಂಗಯ್ಯನವರ 'ಊರು ಕೇರಿ' ಹಾಸ್ಟೆಲಿನ ಬದುಕನ್ನು ತಂದಿತು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿದವನನ್ನೂ ಬಿಡದ ಜಾತಿಯನ್ನು ತಂದಿತು. ಮುಂದಿನ ಪುಸ್ತಕ ಸಮುದ್ರದಾಚೆಯಿಂದ ಬರಲಿ, ಈ ಸಲ ಕೇರಿಯವರ ಕೈಯಿಂದ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಈ ವಿದ್ಯಾರ್ಥಿವೇತನದ ಸುದ್ದಿ ನಿಮ್ಮ ಶಾಲೆಯ ಗೋಡೆಯ ಮೇಲೂ ಇರಲಿ. ಹೈಸ್ಕೂಲಿನ ಹುಡುಗಿಗೆ ಇಂದೇ ಹೇಳಿ, ಇಂಥದೊಂದು ಇದೆ, ಕೇಳೋದು ನಿನ್ನ ಹಕ್ಕು ಅಂತ. ಸಂಘಟನೆಯ ಗೆಳೆಯರು ತಮ್ಮ ಬೇಡಿಕೆಪತ್ರದಲ್ಲಿ ಎರಡು ಸಾಲು ಸೇರಿಸಲಿ: ಆಯ್ಕೆಯಾದ ಎಲ್ಲರಿಗೂ ಹಣ, ಏನನ್ನು ಓದಬೇಕೆಂಬ ತೀರ್ಮಾನ ಓದುವವರದ್ದೇ.