ಹೆತ್ತವರ ಉದಾಸೀನತೆ: ಶಿಕ್ಷಣ ಚರಿತ್ರೆಯ ಒಂದು ವಾದದ ವಿಮರ್ಶೆ

(ಕಡೂರು, ತರೀಕೆರೆ, ಅಜ್ಜಂಪುರ ಪ್ರದೇಶವನ್ನು ಅನುಲಕ್ಷಿಸಿ)

1

ಮಕ್ಕಳ ವಿದ್ಯಾಭ್ಯಾಸದ ಫಲಾಫಲಗಳಿಗೆ ಮನೆಯೇ ಮೂಲವೆಂಬ ಅಭಿಪ್ರಾಯ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ತಾಯಿಯೇ ಮೊದಲ ಗುರುವೆಂಬ ಮಾತಿನಲ್ಲಿ ಅದರ ಸೌಮ್ಯ ರೂಪವನ್ನೂ, ‘ಈ ಹಳ್ಳಿಯ ಹೆತ್ತವರಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಮಾತಿನಲ್ಲಿ ಅದರ ಕಠೋರ ರೂಪವನ್ನೂ ಕಾಣಬಹುದು. ಮೊದಲನೆಯದು ಗೌರವದ ಮಾತು, ಎರಡನೆಯದು ತೀರ್ಪು. ಶಿಕ್ಷಣದ ಚರಿತ್ರೆಯನ್ನು ಬರೆಯುವವರೂ ಈ ತೀರ್ಪನ್ನು ಪರೀಕ್ಷಿಸದೆ ಒಪ್ಪಿಕೊಂಡು, ಶಾಲೆಗೆ ಬಾರದ, ಬಂದರೂ ನಿಲ್ಲದ ಮಕ್ಕಳ ವಿಷಯವನ್ನು ‘ಹೆತ್ತವರ ಉದಾಸೀನತೆ’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವುದುಂಟು. ಈ ತೀರ್ಪಿಗೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಮನೆಯ ಪ್ರಭಾವವನ್ನು ಅಲ್ಲಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಆದರೆ ‘ಮನೆ’ ಎಂದರೆ ಹೆತ್ತವರ ಸ್ವಭಾವವೋ, ಅಥವಾ ಅವರ ದುಡಿಮೆ, ಭಾಷೆ, ಊರು, ಋತು ಇವೆಲ್ಲ ಸೇರಿದ ಸ್ಥಿತಿಯೋ ಎಂಬುದನ್ನು ಮೊದಲು ಇತ್ಯರ್ಥಮಾಡಿಕೊಳ್ಳುವುದು ಅಗತ್ಯ.

2

ಪರಿಶೀಲನೆಗೆ ನಾವು ಆರಿಸಿಕೊಂಡಿರುವ ಪ್ರದೇಶ ಹಳೆಯ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ಬಯಲು ಮತ್ತು ಅರೆಮಲೆನಾಡಿನ ಭಾಗ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸ್ವಾತಂತ್ರ್ಯದ ಕಾಲದವರೆಗೂ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ಅಜ್ಜಂಪುರವು ಇತ್ತೀಚಿನವರೆಗೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಮೂರು ಊರುಗಳೂ ರೈಲುದಾರಿಯ ಮೇಲಿವೆ. ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಹೋಗುವ ದಾರಿ 1899ರಷ್ಟು ಹಳೆಯದು. ಆದರೂ ಇವುಗಳ ಬೇಸಾಯ ಒಂದೇ ಬಗೆಯದಲ್ಲ. ಕಡೂರಿನ ಕಡೆ ಮಳೆ ಕಡಮೆ; ರಾಗಿ, ತೆಂಗು, ಕುರಿಸಾಕಣೆ ಜೀವನಾಧಾರ. ಅಜ್ಜಂಪುರದ ಕಡೆ ಎರೆಭೂಮಿ; ಹಿಂದೆ ಹತ್ತಿ, ಅನಂತರ ಈರುಳ್ಳಿ. ತರೀಕೆರೆಯಲ್ಲಿ ಅಡಿಕೆ ತೋಟಗಳು; 1965ರಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಕೆಲವು ಭಾಗಕ್ಕೆ ನಾಲೆಯ ನೀರು. ಇವುಗಳ ನಡುವೆ ಅಮೃತಮಹಲ್ ಕಾವಲುಗಳು, ಲಂಬಾಣಿ ತಾಂಡಾಗಳು.

ಈ ವಿವರ ವಿಷಯಕ್ಕೆ ಹೊರತಾದುದಲ್ಲ. ಶಾಲೆಯ ವರ್ಷ ಜೂನ್ ತಿಂಗಳ ಸುಮಾರಿಗೆ ಮೊದಲಾಗುತ್ತದೆ. ಬಿತ್ತನೆಯ ಕಾಲವೂ ಅದೇ. ಈರುಳ್ಳಿ ಕೀಳುವಾಗ ಮನೆಯ ಸಣ್ಣ ಕೈಗಳೂ ಬೇಕಾಗುತ್ತವೆ. ಅಡಿಕೆಯ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಕೆಲಸ ರಾತ್ರಿಯವರೆಗೂ ಸಾಗುತ್ತದೆ. ಕುರಿಹಿಂಡಿನೊಡನೆ ಮೇವನ್ನರಸಿ ಹೊರಡುವ ಕುಟುಂಬಕ್ಕೆ ಒಂದೇ ಊರಿನ ಶಾಲೆ ವರ್ಷವಿಡೀ ಒದಗುವುದಿಲ್ಲ. ತಾಯಿ ಕೂಲಿಗೆ ಹೋದ ಮನೆಯಲ್ಲಿ ಹಿರಿಯ ಮಗಳೇ ಕೂಸನ್ನು ನೋಡಿಕೊಳ್ಳಬೇಕು, ನೀರು ತರಬೇಕು. ಹಾಜರಿ ಪುಸ್ತಕದಲ್ಲಿ ಇವೆಲ್ಲಕ್ಕೂ ಒಂದೇ ಗುರುತು: ಗೈರುಹಾಜರಿ. ಕಾರಣಗಳು ಬೇರೆ ಬೇರೆಯಾಗಿದ್ದರೂ ಗುರುತು ಒಂದೇ ಆದುದರಿಂದ, ಅದನ್ನು ಓದುವವರಿಗೆ ಕಾರಣವೂ ಒಂದೇ ಎಂಬ ಭ್ರಮೆ ಹುಟ್ಟುವುದು ಸಹಜ.

3

ಇನ್ನು, ಓದಿಗೆ ಅನುಕೂಲವಾದ ಮನೆಗಳು ಹೇಗೆ ಉಂಟಾದವೆಂಬುದನ್ನು ನೋಡೋಣ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಶಾನುಭೋಗಿಕೆ ವಂಶಪಾರಂಪರ್ಯವಾದ ಹುದ್ದೆ. ಆ ಮನೆಯ ಹುಡುಗನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಡತವನ್ನೂ ಲೆಕ್ಕವನ್ನೂ ಕಂಡಿರುತ್ತಿದ್ದನು. ಬರೆಹವು ಅವನಿಗೆ ಮನೆಯ ಕಸುಬು. ಅವನು ಶಾಲೆಯಲ್ಲಿ ಮುಂದಾದುದಕ್ಕೆ ತಂದೆತಾಯಿಗಳ ಆಸಕ್ತಿ ಕಾರಣವೆಂದರೆ ತಪ್ಪಲ್ಲ, ಆದರೆ ಅಪೂರ್ಣ. ಆ ಆಸಕ್ತಿಯ ಹಿಂದೆ ಒಂದು ಹುದ್ದೆಯೂ ಅದರ ವರಮಾನವೂ ಇದ್ದವು. ಗ್ರಾಮ ಹುದ್ದೆಗಳ ರದ್ದಿಯಾತಿಗೆ 1961ರಲ್ಲಿ ಕಾನೂನಾಯಿತು. ಆದರೆ ಹುದ್ದೆ ಹೋದ ಮೇಲೂ ಅದು ಕಟ್ಟಿಕೊಟ್ಟಿದ್ದ ಅಕ್ಷರದ ಅಭ್ಯಾಸ ಮನೆಗಳಲ್ಲಿ ಉಳಿಯಿತು. ಸರ್ಕಾರಿ ಸೇವೆಯಲ್ಲಿ ವಿವಿಧ ಜಾತಿಗಳ ಪ್ರಾತಿನಿಧ್ಯವನ್ನು ವಿಚಾರಿಸಿ 1919ರಲ್ಲಿ ವರದಿ ಸಲ್ಲಿಸಿದ ಮಿಲ್ಲರ್ ಸಮಿತಿಯ ಮುಂದಿದ್ದುದೂ ಇಂಥ ಸಂಚಿತ ಅಂತರವೇ.

ಶಾನುಭೋಗರಲ್ಲದವರ ಮನೆಗಳಲ್ಲಿ ವಿದ್ಯೆಯ ಬಯಕೆ ಇರಲಿಲ್ಲವೆ? ಕೂಲಿಮಠಗಳ ಇತಿಹಾಸ ಹಾಗೆ ಹೇಳುವುದಿಲ್ಲ. ಸರ್ಕಾರದ ಶಾಲೆಗಳು ಬರುವ ಮೊದಲು ಐಗಳ ಮಠವನ್ನು ಸಲಹಿದವರು ಊರಿನ ಕುಟುಂಬಗಳೇ. ಅವರು ದವಸವನ್ನೋ ಹಣವನ್ನೋ ಕೊಟ್ಟು, ಮರಳಿನ ಮೇಲೆ ಅಕ್ಷರ ತಿದ್ದುವುದನ್ನೂ ಮಗ್ಗಿಯನ್ನೂ ಮಕ್ಕಳಿಗೆ ಕಲಿಸಿದರು. ಆ ಮಠದ ಬಾಗಿಲು ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ತೆರೆದಿರಲಿಲ್ಲವೆಂಬ ದೋಷ ದೊಡ್ಡದು, ಅದನ್ನು ಮರೆಮಾಚಲಾಗದು. ಆದರೂ, ಗೇಯುವ ಮನೆಗಳಲ್ಲಿ ಓದಿನ ಬಗೆಗೆ ಹುಟ್ಟು ತಿರಸ್ಕಾರವಿತ್ತೆಂಬ ವಾದಕ್ಕೆ ಕೂಲಿಮಠ ಪ್ರತಿಸಾಕ್ಷಿ.

4

ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆ ಜಾರಿಗೆ ಬಂದದ್ದು 1868ರಲ್ಲಿ. ಅದನ್ನು ರೂಪಿಸಿದವರು, ಕಡೂರು ಜಿಲ್ಲೆಯ ಶಾಸನಗಳ ಸಂಪುಟದಿಂದ ಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತರಾದ ಬಿ. ಎಲ್. ರೈಸ್ ಅವರು. ಒಂದು ಹೋಬಳಿಯಲ್ಲಿ ಹತ್ತಾರು ಹಳ್ಳಿಗಳಿರುವಾಗ ಒಂದು ಶಾಲೆ ಯಾರಿಗೆ ಹತ್ತಿರವಾದೀತು ಎಂಬುದನ್ನು ಊಹಿಸಬಹುದು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಆಯ್ದ ಕೇಂದ್ರಗಳಲ್ಲಿ ಬಾಲಕರಿಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಮಾಡುವ ಕಾಯಿದೆ ಬಂದಿತು. ದೂರದೃಷ್ಟಿಯ ಕ್ರಮವೆಂಬುದು ನಿರ್ವಿವಾದ. ಆದರೆ ಕಡ್ಡಾಯದ ಭಾರ ಬಿದ್ದುದು ಹೆತ್ತವರ ಮೇಲೆ. 1929ರ ಹಾರ್ಟಾಗ್ ಸಮಿತಿ, ಪ್ರಾಥಮಿಕ ಹಂತ ಮುಗಿಯುವ ಮೊದಲೇ ಮಕ್ಕಳು ಶಾಲೆ ಬಿಡುವುದನ್ನು ‘ಅಪವ್ಯಯ’ವೆಂದೂ ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ಉಳಿಯುವುದನ್ನು ‘ಸ್ಥಗಿತ’ವೆಂದೂ ಗುರುತಿಸಿತು. ಪದಗಳು ಉಪಯುಕ್ತವೇ. ಆದರೆ ಅಪವ್ಯಯವೆಂದೊಡನೆ ಹಣ ಹೂಡಿದ ಸರ್ಕಾರದ ನಷ್ಟ ಕಣ್ಣಿಗೆ ಬೀಳುತ್ತದೆಯೇ ಹೊರತು, ಮಗುವನ್ನು ಶಾಲೆ ಬಿಡಿಸಿದ ಮನೆಯ ಕಷ್ಟ ಕಾಣುವುದಿಲ್ಲ.

ಇದಕ್ಕೆ ಪ್ರತಿಯಾಗಿ 2009ರ ಶಿಕ್ಷಣದ ಹಕ್ಕಿನ ಕಾಯಿದೆಯನ್ನು ಇಡಬಹುದು. ಮಗುವನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಅದು ಹೇಳುತ್ತದೆ. ಆದರೆ ‘ಕಡ್ಡಾಯ’ವೆಂಬುದನ್ನು ಸರ್ಕಾರದ ಹೊಣೆಯೆಂದು ಅರ್ಥೈಸುತ್ತದೆ. ಸುಮಾರು ನೂರು ವರ್ಷಗಳಲ್ಲಿ ಒಂದು ಪದದ ಭಾರ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸರಿದಿದೆ. ಈ ಬದಲಾವಣೆಯನ್ನು ನಮ್ಮ ಶಿಕ್ಷಣ ಚರಿತ್ರೆ ಇನ್ನೂ ಸಾಕಷ್ಟು ಗಮನಿಸಿಲ್ಲ.

5

ಸಾಹಿತ್ಯದ ಸಾಕ್ಷ್ಯವೂ ಒಂದುಂಟು. ಎಂ. ಆರ್. ಶ್ರೀನಿವಾಸಮೂರ್ತಿಯವರ ‘ರಂಗಣ್ಣನ ಕನಸಿನ ದಿನಗಳು’ ಹಳೆಯ ಮೈಸೂರಿನ ಗ್ರಾಮಶಾಲೆಗಳನ್ನು ಕುರಿತ ಬೆಲೆಯುಳ್ಳ ಕೃತಿ. ಗ್ರಂಥಕರ್ತರು ಸ್ವತಃ ವಿದ್ಯಾ ಇಲಾಖೆಯಲ್ಲಿದ್ದವರಾದುದರಿಂದ ಅದರ ಸತ್ಯಾಂಶ ಹೆಚ್ಚು. ಕಥೆಯ ಜನಾರ್ದನಪುರ ಕಲ್ಪಿತ; ಅದನ್ನು ಯಾವ ತಾಲ್ಲೂಕಿಗೂ ಸಮೀಕರಿಸಲಾಗದು. ಆದರೆ ಅಲ್ಲಿನ ನೋಟ ಇನ್ಸ್‌ಪೆಕ್ಟರರದು. ಬಡ ಉಪಾಧ್ಯಾಯರನ್ನೂ ಊರ ಮುಖಂಡರನ್ನೂ ಸಹಾನುಭೂತಿಯಿಂದಲೂ ಹಾಸ್ಯದಿಂದಲೂ ಕಾಣುವ ಈ ಕೃತಿಗೆ, ಶಾಲೆಗೆ ಬಾರದ ಮಗುವಿನ ಮನೆಯ ಒಳಬದುಕು ಮುಖ್ಯ ವಸ್ತುವಲ್ಲ. ಇದು ಕೃತಿಯ ದೋಷವಲ್ಲ, ಸಾಕ್ಷ್ಯದ ಮಿತಿ. ಒಳ್ಳೆಯ ಅಧಿಕಾರಿಯ ಕಣ್ಣಿಗೂ ಮನೆಯ ಹೊಸ್ತಿಲಿನಾಚೆಯದು ಕಾಣುವುದು ಕಷ್ಟ.

6

ಮನೆಯೇ ನಿರ್ಣಾಯಕವೆಂಬ ಪಕ್ಷಕ್ಕೆ ಆಧುನಿಕ ಸಂಶೋಧನೆಯ ಬೆಂಬಲ ಹೇಳುವವರು 1966ರ ಕೋಲ್ಮನ್ ವರದಿಯನ್ನು ಮುಂದಿಡುತ್ತಾರೆ. ಅಮೆರಿಕದ ಸುಮಾರು 4,000 ಶಾಲೆಗಳ ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಪರಿಶೀಲಿಸಿದ ಈ ವರದಿ, ಸಾಧನೆಯ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣವೆಂದು ಕಂಡಿತು. ಮರುವರ್ಷ ಇಂಗ್ಲೆಂಡಿನ ಪ್ಲೌಡನ್ ವರದಿಯೂ ಹೆತ್ತವರ ಮನೋಭಾವಕ್ಕೆ ಹೆಚ್ಚಿನ ಸ್ಥಾನ ಕೊಟ್ಟಿತು. ಈ ನಿರ್ಣಯಗಳನ್ನು ತರೀಕೆರೆಗೆ ಹಾಗೆಯೇ ತಂದು ಅನ್ವಯಿಸಬಹುದೆ? ಶಾಲೆಗಳು ಬಹುಮಟ್ಟಿಗೆ ಒಂದೇ ಸಮನಾಗಿರುವ ನಾಡಿನಲ್ಲಿ ಮಕ್ಕಳ ನಡುವಣ ವ್ಯತ್ಯಾಸಕ್ಕೆ ಶಾಲೆ ಕಾರಣವಾಗಿ ಕಾಣದಿರುವುದು ಸ್ವಾಭಾವಿಕ. ಒಂದು ಊರಲ್ಲಿ ಉಪಾಧ್ಯಾಯರೂ ಕಟ್ಟಡವೂ ಇದ್ದು, ಇನ್ನೊಂದರಲ್ಲಿ ಎರಡೂ ಇಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತದೆ. 29 ದೇಶಗಳನ್ನು ಹೋಲಿಸಿ 1983ರಲ್ಲಿ ಹೈನ್‌ಮನ್ ಮತ್ತು ಲಾಕ್ಸ್‌ಲಿ ತೋರಿಸಿದುದು ಇದನ್ನೇ: ದೇಶ ಬಡವಾದಷ್ಟೂ ಶಾಲೆ ಮತ್ತು ಉಪಾಧ್ಯಾಯರ ಗುಣಮಟ್ಟದ ಪ್ರಭಾವ ಹೆಚ್ಚು. ಇವರ ಫಲಿತಾಂಶವೂ ಅನಂತರ ಚರ್ಚೆಗೆ ಒಳಗಾಗಿದೆ. ಆದರೆ ಕೋಲ್ಮನ್ನರ ನಿರ್ಣಯವನ್ನು ಸಾರ್ವತ್ರಿಕ ನಿಯಮವೆಂದು ಹಿಡಿಯಲಾಗದೆಂಬಷ್ಟು ಅದರಿಂದ ಸಿದ್ಧವಾಗುತ್ತದೆ. ಉತ್ತರ ಭಾರತದ ರಾಜ್ಯಗಳನ್ನು ಕುರಿತ 1999ರ ‘ಪ್ರೋಬ್’ ವರದಿಯೂ ಬಡ ಹೆತ್ತವರಲ್ಲಿ ಮಕ್ಕಳ ಓದಿನ ಬಯಕೆ ವ್ಯಾಪಕವಾಗಿರುವುದನ್ನೇ ಕಂಡಿತು.

ನಮ್ಮ ನಾಡಿನ ಅನುಭವವೂ ಇದಕ್ಕೆ ಹೊಂದುತ್ತದೆ. ಊರಿನಲ್ಲೇ ಶಾಲೆಯಾಯಿತು, ಹಿಂದುಳಿದವರಿಗೂ ಪರಿಶಿಷ್ಟರಿಗೂ ವಿದ್ಯಾರ್ಥಿನಿಲಯಗಳಾದವು, 2002-03ರಲ್ಲಿ ರಾಜ್ಯದಲ್ಲಿ ಮೊದಲಾಗಿ ವಿಸ್ತಾರಗೊಂಡ ‘ಅಕ್ಷರ ದಾಸೋಹ’ದಿಂದ ಮಧ್ಯಾಹ್ನದ ಊಟ ಬಂದಿತು. 2011ರ ಜನಗಣತಿಯ ವೇಳೆಗೆ ಚಿಕ್ಕಮಗಳೂರು ಜಿಲ್ಲೆಯ ಅಕ್ಷರಸ್ಥರ ಪ್ರಮಾಣ ಶೇಕಡಾ 79ರಷ್ಟಾಗಿತ್ತು. ಉದಾಸೀನತೆಯೇ ಹೆತ್ತವರ ಸ್ವಭಾವವಾಗಿದ್ದರೆ, ಅದೇ ಮನೆತನಗಳ ಮುಂದಿನ ತಲೆಮಾರಿನ ಮಕ್ಕಳು ಶಾಲೆ ತುಂಬಿದ್ದು ಹೇಗೆ?

7

ಹಾಗಾದರೆ ಮನೆಯ ಪಾಲು ಏನೂ ಇಲ್ಲವೆಂದೆ? ಇದೆ, ಮತ್ತು ಅದು ಬಡತನದಲ್ಲೂ ಇರಬಲ್ಲದು. ಸಂಜೆ ಮಗುವನ್ನು ಕೂರಿಸಿಕೊಂಡು ‘ಈ ಹೊತ್ತು ಏನು ಹೇಳಿಕೊಟ್ಟರು?’ ಎಂದು ಕೇಳುವ ಅಜ್ಜಿ, ಸಂತೆಯ ಲೆಕ್ಕವನ್ನು ಮಗನ ಬಾಯಲ್ಲಿ ಹೇಳಿಸುವ ತಂದೆ, ಇವರು ಅಕ್ಷರ ಬಾರದವರಾದರೂ ವಿದ್ಯೆಯ ಸಹಾಯಕರೇ. ಆದರೆ ಈ ಸಹಾಯ ಫಲಿಸಬೇಕಾದರೆ ಶಾಲೆ ಅದನ್ನು ಗುರುತಿಸಬೇಕು. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ ಭಾಷೆ. ಶಾಲೆಯಲ್ಲಿ ಮೊದಲ ದಿನವೇ ಕೇಳುವುದು ಪುಸ್ತಕದ ಕನ್ನಡ. ಆ ಮಗುವಿನ ಮೌನವನ್ನು ದಡ್ಡತನವೆಂದು ಎಣಿಸಿ, ದಡ್ಡತನವನ್ನು ಮನೆಯ ಮೇಲೆ ಹೊರಿಸಿದರೆ ನಷ್ಟವಾಗುವುದು ಮಗುವಿಗೆ.

ಈ ಕಾರಣದಿಂದ ನಮ್ಮ ವಿದ್ಯಾರ್ಥಿಗಳ ಮುಂದೆ ಒಂದು ಸಂಶೋಧನಕಾರ್ಯವಿದೆ. ಈ ಮೂರು ತಾಲ್ಲೂಕುಗಳ ಹಳೆಯ ಶಾಲೆಗಳಲ್ಲಿ ಉಳಿದಿರುವ ದಾಖಲಾತಿ ಮತ್ತು ಹಾಜರಿ ಪುಸ್ತಕಗಳನ್ನು ಓದಬೇಕು. ಹೆತ್ತವರ ಕಸುಬು, ಸೇರಿದ ಮತ್ತು ಬಿಟ್ಟ ತಾರೀಖುಗಳು ದೊರೆತಲ್ಲೆಲ್ಲ ಅವನ್ನು ಆಯಾ ವರ್ಷದ ಮಳೆ, ಬೆಳೆ, ಬರಗಳೊಡನೆ ಕೂಡಿಸಿ ನೋಡಬೇಕು. ಶಾಲೆ ಬಿಟ್ಟವರು ಸುಗ್ಗಿಯಲ್ಲಿ ಬಿಟ್ಟರೋ, ಬರದಲ್ಲಿ ಬಿಟ್ಟರೋ, ಮುಂದಿನ ತರಗತಿಗೆ ಊರಿನಲ್ಲಿ ಶಾಲೆಯಿಲ್ಲದೆ ಬಿಟ್ಟರೋ ಎಂಬುದು ಆಗ ತಿಳಿದೀತು. ಹಾಗೆ ವಿಂಗಡಿಸಿದ ಮೇಲೂ ಉಳಿಯುವಷ್ಟಕ್ಕೆ ಮಾತ್ರ ‘ಉದಾಸೀನತೆ’ ಎಂಬ ಪದವನ್ನು ಬಳಸೋಣ. ನಮ್ಮ ಕಾಲೇಜುಗಳ ತರಗತಿಗಳಲ್ಲಿ ಇಂದು ಕುಳಿತಿರುವ ಅನೇಕರು ತಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ಅವರ ತಂದೆತಾಯಿಗಳ ಬಗೆಗೆ ಪರೀಕ್ಷಿಸದ ತೀರ್ಪನ್ನು ಪಾಠವಾಗಿ ಹೇಳದಿರುವುದು ಅಧ್ಯಾಪಕರಾದ ನಮ್ಮ ಮೊದಲ ಕರ್ತವ್ಯ.